ಲಿಯೊಂಟೀನ್ ಪ್ರೈಸ್

ಮೇರಿ ವಯಲೆಟ್ ಲಿಯೊಂಟೀನ್ ಪ್ರೈಸ್ (ಜನನ: ಫೆಬ್ರವರಿ 10, 1927) ಅಮೆರಿಕ ಸಂಯುಕ್ತ ಸಂಸ್ಥಾನದ ಜಗದ್ವಿಖ್ಯಾತ ಒಪೆರಾ ಗಾಯಕಿ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಸ್ತ್ರೀಕಂಠದ ಅತ್ಯುಚ್ಚ ವರ್ಗವಾದ ಸೊಪ್ರಾನೊ ಕಂಠ ಇವರದು. ಇಟಲಿಯ ಸಂಯೋಜಕ ಜ್ಯುಸೆಪ್ಪೆ ವೆರ್ಡಿಯ ಒಪೆರಾಗಳ ನಾಯಕಿಯ ಪಾತ್ರಗಳಿಗೆ, ಅದರಲ್ಲಿಯೂ 'ಐದಾ' ಪಾತ್ರಕ್ಕೆ, ಇವರು ವಿಶೇಷವಾಗಿ ಹೆಸರಾಗಿದ್ದಾರೆ. ವರ್ಣಭೇದವು ಕಾನೂನಿನ ಬಲದಿಂದಲೇ ನಡೆಯುತ್ತಿದ್ದ ಮಿಸಿಸಿಪ್ಪಿ ರಾಜ್ಯದಲ್ಲಿ ಹುಟ್ಟಿ ಬೆಳೆದ ಪ್ರೈಸ್, ವಿಯೆನ್ನಾ, ಲಂಡನ್ ಮತ್ತು ಮಿಲಾನ್ ನಗರಗಳ ಪ್ರಮುಖ ಒಪೆರಾ ಮಂದಿರಗಳಲ್ಲಿ ಹಾಡಿ ಗೆದ್ದ ಬಳಿಕ 1961ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾವನ್ನು ಪ್ರವೇಶಿಸಿದರು. ಆ ಸಂಸ್ಥೆಯ ಪ್ರಧಾನ ಗಾಯಕಿಯರ ಸಾಲಿನಲ್ಲಿ ದೀರ್ಘಕಾಲ ನಿಂತ ಪ್ರಥಮ ಆಫ್ರಿಕನ್-ಅಮೆರಿಕನ್ ಸೊಪ್ರಾನೊ ಎಂಬ ಗೌರವ ಇವರಿಗೆ ಸಲ್ಲುತ್ತದೆ. ಯಾವ ಪಾತ್ರವನ್ನು ಒಪ್ಪಬೇಕು, ಯಾವುದನ್ನು ಬಿಡಬೇಕು, ರಂಗದಿಂದ ಯಾವಾಗ ಇಳಿಯಬೇಕು ಎಂಬ ನಿರ್ಧಾರಗಳನ್ನು ತಾವೇ ತೆಗೆದುಕೊಂಡದ್ದು ಇವರ ವೃತ್ತಿಜೀವನದ ವಿಶೇಷ.

ಜನನ ಮತ್ತು ಬಾಲ್ಯ

ಪ್ರೈಸ್ ಜನಿಸಿದ್ದು ಅಮೆರಿಕದ ದಕ್ಷಿಣ ಭಾಗದ ಮಿಸಿಸಿಪ್ಪಿ ರಾಜ್ಯದ ಲಾರೆಲ್ ಎಂಬ ಸಣ್ಣ ಪಟ್ಟಣದಲ್ಲಿ. ಲಾರೆಲ್ ಮರದ ದಿಮ್ಮಿಗಳ ವ್ಯಾಪಾರಕ್ಕೆ ಹೆಸರಾದ ಊರು. ತಂದೆ ಜೇಮ್ಸ್ ಪ್ರೈಸ್ ಮರ ಕೊಯ್ಯುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ತಾಯಿ ಕೇಟ್ ಸೂಲಗಿತ್ತಿಯಾಗಿದ್ದರು. ಊರಿನ ಸೇಂಟ್ ಪಾಲ್ ಮೆಥಡಿಸ್ಟ್ ಚರ್ಚಿನ ಗಾಯಕವೃಂದದಲ್ಲಿ ಹಾಡುತ್ತಿದ್ದರು. ತಮ್ಮ ಜಾರ್ಜ್ ಮುಂದೆ ಅಮೆರಿಕದ ಭೂಸೇನೆಯನ್ನು ಸೇರಿ ಬ್ರಿಗೇಡಿಯರ್ ಜನರಲ್ ಪದವಿಗೆ ಏರಿದರು.

ಬಡತನದ ನಡುವೆಯೂ ಮಗಳ ಸಂಗೀತಾಸಕ್ತಿಯನ್ನು ತಾಯಿ ಬಹುಬೇಗ ಗುರುತಿಸಿದರು. ಲಿಯೊಂಟೀನ್ ಐದು ವರ್ಷದವಳಿದ್ದಾಗ ಮನೆಯಲ್ಲಿದ್ದ ಗ್ರಾಮಫೋನನ್ನೇ ಮುಂಗಡವಾಗಿ ಕೊಟ್ಟು ಒಂದು ಪಿಯಾನೊ ತರಲಾಯಿತು. ಪಿಯಾನೊ ಪಾಠದ ಜೊತೆಗೆ ಚರ್ಚಿನ ಗಾಯನವೂ ನಡೆಯಿತು. ಕಪ್ಪು ಜನರ ಭಕ್ತಿಗೀತೆಗಳಾದ 'ಸ್ಪಿರಿಚುಯಲ್' ಹಾಡುಗಳ ಸಂಸ್ಕಾರ ಅವರಿಗೆ ದೊರೆತದ್ದು ಇಲ್ಲಿಯೇ.

ಬಾಲ್ಯದ ಎರಡು ಸಂಗತಿಗಳು ಮುಂದಿನ ಬದುಕಿಗೆ ದಾರಿ ಮಾಡಿದವು. ಮೊದಲನೆಯದು, ಶಾಲೆಯ ಪ್ರವಾಸದಲ್ಲಿ ಜಾಕ್ಸನ್ ನಗರಕ್ಕೆ ಹೋಗಿ ಮಾರಿಯನ್ ಆಂಡರ್ಸನ್ ಅವರ ಕಚೇರಿಯನ್ನು ಕೇಳಿದ್ದು. ಆಂಡರ್ಸನ್ ಆ ಕಾಲದ ಮಹಾನ್ ಗಾಯಕಿಯರಲ್ಲಿ ಒಬ್ಬರು; ಸ್ವತಃ ಕಪ್ಪು ಜನಾಂಗಕ್ಕೆ ಸೇರಿದವರು. ಅವರು ವೇದಿಕೆಯ ಮೇಲೆ ನಿಂತ ಗಾಂಭೀರ್ಯವೂ ಅವರ ಕಂಠವೂ ತಮ್ಮ ಮುಂದೆ ಒಂದು ಗುರಿಯನ್ನು ಇಟ್ಟವೆಂದು ಪ್ರೈಸ್ ಮುಂದೆ ಹಲವು ಬಾರಿ ಸ್ಮರಿಸಿದ್ದಾರೆ. ಎರಡನೆಯದು, ಲಾರೆಲ್ಲಿನ ಶ್ರೀಮಂತ ಬಿಳಿಯ ಕುಟುಂಬವಾದ ಚಿಸ್ಹೋಮ್ ಮನೆತನದ ಸಂಪರ್ಕ. ಪ್ರೈಸ್ ಅವರ ಬಂಧುವೊಬ್ಬರು ಆ ಮನೆಯಲ್ಲಿ ಕೆಲಸಕ್ಕಿದ್ದರು. ಮನೆಯೊಡತಿ ಎಲಿಜಬೆತ್ ಚಿಸ್ಹೋಮ್ ಬಾಲಕಿಯ ಹಾಡು ಮತ್ತು ಪಿಯಾನೊ ವಾದನವನ್ನು ಮೆಚ್ಚಿ, ತಮ್ಮ ಮನೆಯ ಕೂಟಗಳಲ್ಲಿ ಹಾಡಿಸಿದರು. ಮುಂದೆ ಉನ್ನತ ಶಿಕ್ಷಣಕ್ಕೆ ಧನಸಹಾಯವನ್ನೂ ನೀಡಿದರು.

ಶಿಕ್ಷಣ

1944ರಲ್ಲಿ ಲಾರೆಲ್ಲಿನ ಓಕ್ ಪಾರ್ಕ್ ಪ್ರೌಢಶಾಲೆಯ ವ್ಯಾಸಂಗ ಮುಗಿಸಿದ ಪ್ರೈಸ್, ಒಹಾಯೊ ರಾಜ್ಯದ ವಿಲ್ಬರ್‌ಫೋರ್ಸ್‌ನಲ್ಲಿ ಕಾಲೇಜು ಸೇರಿದರು. ಆ ಸಂಸ್ಥೆಯ ಸರ್ಕಾರಿ ವಿಭಾಗವು ಬಳಿಕ ಪ್ರತ್ಯೇಕಗೊಂಡು ಸೆಂಟ್ರಲ್ ಸ್ಟೇಟ್ ಕಾಲೇಜ್ ಆಯಿತು. ಸಂಗೀತ ಶಿಕ್ಷಕಿಯಾಗುವುದು ಅವರ ಉದ್ದೇಶವಾಗಿತ್ತು. ಅಂದಿನ ದಿನಗಳಲ್ಲಿ ಸಂಗೀತ ಬಲ್ಲ ಕಪ್ಪು ತರುಣಿಯೊಬ್ಬಳಿಗೆ ನಿಶ್ಚಿತವಾಗಿ ದೊರೆಯಬಹುದಾಗಿದ್ದ ಗೌರವದ ಉದ್ಯೋಗವೆಂದರೆ ಅಧ್ಯಾಪನವೇ. ಆದರೆ ಕಾಲೇಜಿನ ಗಾಯಕವೃಂದದಲ್ಲಿ ಅವರ ಕಂಠ ಎಲ್ಲರ ಗಮನ ಸೆಳೆಯಿತು. ಗಾಯನದಲ್ಲಿಯೇ ಮುಂದುವರಿಯುವಂತೆ ಹಿರಿಯರು ಪ್ರೋತ್ಸಾಹಿಸಿದರು.

1948ರಲ್ಲಿ ಪದವಿ ಪಡೆದು, ವಿದ್ಯಾರ್ಥಿವೇತನದೊಂದಿಗೆ ನ್ಯೂಯಾರ್ಕಿನ ಪ್ರತಿಷ್ಠಿತ ಜೂಲಿಯರ್ಡ್ ಸಂಗೀತ ಶಾಲೆಯನ್ನು ಸೇರಿದರು. ಮಹಾನಗರದ ವಾಸದ ಖರ್ಚಿಗೆ ವಿದ್ಯಾರ್ಥಿವೇತನ ಸಾಲುತ್ತಿರಲಿಲ್ಲ. ಪ್ರಸಿದ್ಧ ಗಾಯಕ ಮತ್ತು ನಟ ಪಾಲ್ ರೋಬ್ಸನ್ ಒಹಾಯೊದಲ್ಲಿ ಸಹಾಯಾರ್ಥ ಕಚೇರಿಯೊಂದನ್ನು ನಡೆಸಿಕೊಟ್ಟರು. ಉಳಿದ ಹೊಣೆಯನ್ನು ಚಿಸ್ಹೋಮ್ ಕುಟುಂಬ ಹೊತ್ತಿತು.

ಜೂಲಿಯರ್ಡ್‌ನಲ್ಲಿ ಇವರಿಗೆ ಗುರುವಾಗಿ ದೊರೆತವರು ಫ್ಲಾರೆನ್ಸ್ ಪೇಜ್ ಕಿಂಬಲ್. ಪ್ರೈಸ್ ಖ್ಯಾತಿಯ ಶಿಖರದಲ್ಲಿದ್ದಾಗಲೂ ಕಿಂಬಲ್ ಅವರ ಸಲಹೆಯನ್ನು ಕೇಳುತ್ತಿದ್ದರು. ಕಂಠವೆಂಬುದು ಮೂಲಧನ; ಅದನ್ನು ಎಂದೂ ಕರಗಿಸದೆ ಬಡ್ಡಿಯಲ್ಲಷ್ಟೇ ಹಾಡಬೇಕು ಎಂಬುದು ಗುರುವಿನಿಂದ ಕಲಿತ ಪಾಠ. ತಮ್ಮ ಕಂಠ ಬಹುಕಾಲ ಉಳಿದದ್ದಕ್ಕೆ ಈ ಪಾಠವೇ ಕಾರಣವೆಂದು ಪ್ರೈಸ್ ಹೇಳುತ್ತಿದ್ದರು.

1951ರ ಬೇಸಗೆಯಲ್ಲಿ ಟ್ಯಾಂಗಲ್‌ವುಡ್ ಸಂಗೀತ ಶಿಬಿರದಲ್ಲಿ ರಿಚರ್ಡ್ ಸ್ಟ್ರೌಸ್‌ನ 'ಅರಿಯಾಡ್ನೆ ಆಫ್ ನಾಕ್ಸೋಸ್' ಒಪೆರಾದ ನಾಯಕಿಯ ಪಾತ್ರವನ್ನು ಹಾಡಿದರು. ಮರುವರ್ಷ ಜೂಲಿಯರ್ಡ್‌ನ ವಿದ್ಯಾರ್ಥಿಗಳು ಆಡಿದ ವೆರ್ಡಿಯ 'ಫಾಲ್‌ಸ್ಟಾಫ್'ನಲ್ಲಿ ಶ್ರೀಮತಿ ಫೋರ್ಡ್ ಪಾತ್ರ ವಹಿಸಿದರು. ಈ ಪ್ರಯೋಗವನ್ನು ನೋಡಿದ ಸಂಯೋಜಕ ವರ್ಜಿಲ್ ಥಾಮ್ಸನ್, ತಮ್ಮ 'ಫೋರ್ ಸೇಂಟ್ಸ್ ಇನ್ ತ್ರೀ ಆ್ಯಕ್ಟ್ಸ್' ಒಪೆರಾದ ಮರುಪ್ರಯೋಗಕ್ಕೆ ಅವರನ್ನು ಆರಿಸಿಕೊಂಡರು. ಹೀಗೆ 1952ರಲ್ಲಿ ಬ್ರಾಡ್‌ವೇ ರಂಗಭೂಮಿಯಲ್ಲಿ ಪ್ರೈಸ್ ಅವರ ವೃತ್ತಿಜೀವನ ಆರಂಭವಾಯಿತು.

'ಪೋರ್ಗಿ ಅಂಡ್ ಬೆಸ್' ಪ್ರವಾಸ

ಅದೇ ವರ್ಷ ಜಾರ್ಜ್ ಗರ್ಶ್ವಿನ್ ರಚಿಸಿದ 'ಪೋರ್ಗಿ ಅಂಡ್ ಬೆಸ್' ಒಪೆರಾದ ಹೊಸ ಪ್ರಯೋಗದಲ್ಲಿ ನಾಯಕಿ ಬೆಸ್ಸಳ ಪಾತ್ರ ಅವರಿಗೆ ದೊರೆಯಿತು. ಅಮೆರಿಕದ ದಕ್ಷಿಣ ಭಾಗದ ಕಡಲತೀರದ ಕಪ್ಪು ಜನರ ಬಡಾವಣೆಯೊಂದರ ಕಥೆ ಇದು. 1952ರ ಜೂನ್‌ನಲ್ಲಿ ಡಲ್ಲಾಸ್‌ನಲ್ಲಿ ಆರಂಭವಾದ ಪ್ರಯೋಗ ಅಮೆರಿಕದ ಇತರ ನಗರಗಳಲ್ಲಿ ನಡೆದು, ಸರ್ಕಾರದ ನೆರವಿನೊಂದಿಗೆ ವಿಯೆನ್ನಾ, ಬರ್ಲಿನ್, ಲಂಡನ್ ಮತ್ತು ಪ್ಯಾರಿಸ್‌ಗೂ ಹೋಯಿತು. 1953ರಲ್ಲಿ ನ್ಯೂಯಾರ್ಕಿಗೆ ಮರಳಿತು.

ಪೋರ್ಗಿಯ ಪಾತ್ರದಲ್ಲಿದ್ದ ಗಾಯಕ ವಿಲಿಯಂ ವಾರ್‌ಫೀಲ್ಡ್ ಅವರೊಂದಿಗೆ ಪ್ರೈಸ್ ಅವರ ವಿವಾಹ 1952ರ ಆಗಸ್ಟ್ 31ರಂದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ನಡೆಯಿತು. ಇಬ್ಬರ ವೃತ್ತಿಯೂ ಬೇರೆ ಬೇರೆ ದಿಕ್ಕುಗಳಲ್ಲಿ ಬೆಳೆದುದರಿಂದ ಕೆಲವೇ ವರ್ಷಗಳಲ್ಲಿ ಅವರು ದೂರವಾದರು. 1973ರಲ್ಲಿ ವಿಚ್ಛೇದನವಾಯಿತು. ಆದರೂ ಪರಸ್ಪರ ಗೌರವ ಉಳಿದಿತ್ತು. 1963ರಲ್ಲಿ ಇಬ್ಬರೂ ಸೇರಿ 'ಪೋರ್ಗಿ ಅಂಡ್ ಬೆಸ್'ನ ಆಯ್ದ ಭಾಗಗಳನ್ನು ಧ್ವನಿಮುದ್ರಿಸಿದರು.

ಬೆಸ್ ಪಾತ್ರ ಹೆಸರು ತಂದುಕೊಟ್ಟರೂ ಅದಕ್ಕೇ ಕಟ್ಟುಬೀಳಲು ಪ್ರೈಸ್ ಒಪ್ಪಲಿಲ್ಲ. ಕಪ್ಪು ಗಾಯಕಿಗೆ ಕಪ್ಪು ಜನರ ಪಾತ್ರ ಮಾತ್ರ ಎಂಬ ರೂಢಿ ಆಗ ಬಲವಾಗಿತ್ತು. ಈ ಪ್ರವಾಸದ ಕಾಲದಲ್ಲಿಯೇ ಅವರು ಸಮಕಾಲೀನ ಸಂಯೋಜಕರ ಗೀತೆಗಳನ್ನು ಅಭ್ಯಾಸ ಮಾಡತೊಡಗಿದರು. 1953ರ ಅಕ್ಟೋಬರ್ 30ರಂದು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಸ್ಯಾಮ್ಯುಯೆಲ್ ಬಾರ್ಬರ್ ಅವರ 'ಹರ್ಮಿಟ್ ಸಾಂಗ್ಸ್' ಗೀತಮಾಲೆಯನ್ನು ಪ್ರಥಮ ಬಾರಿಗೆ ಹಾಡಿದರು. ಪಿಯಾನೊ ನುಡಿಸಿದವರು ಸ್ವತಃ ಸಂಯೋಜಕರೇ. 1954ರ ನವೆಂಬರಿನಲ್ಲಿ ನ್ಯೂಯಾರ್ಕಿನ ಟೌನ್ ಹಾಲ್‌ನಲ್ಲಿ ಅವರ ಏಕವ್ಯಕ್ತಿ ಕಚೇರಿ ನಡೆಯಿತು.

ದೂರದರ್ಶನದಲ್ಲಿ 'ತೋಸ್ಕಾ'

1955ರ ಜನವರಿಯಲ್ಲಿ ಎನ್‌ಬಿಸಿ ದೂರದರ್ಶನ ಜಾಲದ ಒಪೆರಾ ವಿಭಾಗವು ಪುಚ್ಚೀನಿಯ 'ತೋಸ್ಕಾ' ಒಪೆರಾವನ್ನು ಪ್ರಸಾರ ಮಾಡಿತು. ಆ ವಿಭಾಗದ ಸಂಗೀತ ನಿರ್ದೇಶಕ ಪೀಟರ್ ಹರ್ಮನ್ ಆ್ಯಡ್ಲರ್, ನಾಯಕಿಯ ಪಾತ್ರಕ್ಕೆ ಪ್ರೈಸ್ ಅವರನ್ನು ಆರಿಸಿದ್ದರು. ತೋಸ್ಕಾ ರೋಮ್ ನಗರದ ಗಾಯಕಿಯ ಪಾತ್ರ. ಅವಳ ಪ್ರಿಯಕರನ ಪಾತ್ರದಲ್ಲಿದ್ದವರು ಬಿಳಿಯ ಗಾಯಕ. ಕಪ್ಪು ಗಾಯಕಿಯೊಬ್ಬರು ಇಂತಹ ಪಾತ್ರದಲ್ಲಿ ಮನೆಮನೆಯ ತೆರೆಯ ಮೇಲೆ ಕಾಣಿಸುವುದನ್ನು ವಿರೋಧಿಸಿ ಆ ಜಾಲದ ಕೆಲವು ಪ್ರಾದೇಶಿಕ ಕೇಂದ್ರಗಳು ಪ್ರಸಾರ ಮಾಡಲು ನಿರಾಕರಿಸಿದವು. ಆದರೆ ಪ್ರಸಾರವಾದೆಡೆಯಲ್ಲೆಲ್ಲ ಪ್ರೈಸ್ ಅವರಿಗೆ ಮೆಚ್ಚುಗೆ ದೊರೆಯಿತು. ಮುಂದಿನ ವರ್ಷಗಳಲ್ಲಿ ಇದೇ ಜಾಲಕ್ಕಾಗಿ ಮೊಜಾರ್ಟ್‌ನ 'ದಿ ಮ್ಯಾಜಿಕ್ ಫ್ಲೂಟ್' ಮತ್ತು 'ಡಾನ್ ಜೊವಾನ್ನಿ' ಹಾಗೂ ಫ್ರಾನ್ಸಿನ ಪೂಲಾಂಕ್ ಅವರ 'ಡೈಲಾಗ್ಸ್ ಆಫ್ ದಿ ಕಾರ್ಮಲೈಟ್ಸ್' ಒಪೆರಾಗಳಲ್ಲಿ ಹಾಡಿದರು.

ಈ ಅವಧಿಯಲ್ಲಿ ಪಿಯಾನೊ ವಾದಕ ಡೇವಿಡ್ ಗಾರ್ವಿ ಅವರೊಂದಿಗೆ ಕಚೇರಿ ಪ್ರವಾಸಗಳು ಆರಂಭವಾದವು. ಅಮೆರಿಕ ಸರ್ಕಾರದ ವಿದೇಶಾಂಗ ಇಲಾಖೆಯ ಪ್ರಾಯೋಜಕತ್ವದಲ್ಲಿ 1956ರಲ್ಲಿ ಭಾರತದಲ್ಲಿಯೂ 1957ರಲ್ಲಿ ಆಸ್ಟ್ರೇಲಿಯಾದಲ್ಲಿಯೂ ಪ್ರೈಸ್ ಹಾಡಿದರು. ಒಪೆರಾ ಗಾಯಕಿಯಾಗಿ ವಿಶ್ವಖ್ಯಾತಿ ಬರುವ ಮುನ್ನವೇ ಅವರು ಭಾರತಕ್ಕೆ ಬಂದುಹೋಗಿದ್ದರೆಂಬುದು ಗಮನಾರ್ಹ.

ಸ್ಯಾನ್ ಫ್ರಾನ್ಸಿಸ್ಕೊದಿಂದ ಯುರೋಪಿಗೆ

ಅಮೆರಿಕದ ದೊಡ್ಡ ಒಪೆರಾ ಮಂದಿರವೊಂದರಲ್ಲಿ ಪ್ರೈಸ್ ಮೊದಲು ಹಾಡಿದ್ದು 1957ರ ಸೆಪ್ಟೆಂಬರ್ 20ರಂದು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಫ್ರೆಂಚ್ ಮಹಾಕ್ರಾಂತಿಯ ಕಾಲದಲ್ಲಿ ಶಿರಚ್ಛೇದಕ್ಕೆ ಗುರಿಯಾದ ಕ್ರೈಸ್ತ ಸನ್ಯಾಸಿನಿಯರ ಕಥೆಯುಳ್ಳ 'ಡೈಲಾಗ್ಸ್ ಆಫ್ ದಿ ಕಾರ್ಮಲೈಟ್ಸ್' ಅಮೆರಿಕದ ರಂಗದ ಮೇಲೆ ಮೊದಲ ಬಾರಿ ಬಂದ ದಿನವದು. ಪ್ರೈಸ್ ಮಠದ ಮುಖ್ಯಸ್ಥೆ ಮದಾಂ ಲಿದ್ವಾನ್ ಪಾತ್ರದಲ್ಲಿದ್ದರು. ಕೆಲವೇ ವಾರಗಳ ಬಳಿಕ ಅದೇ ಮಂದಿರದಲ್ಲಿ 'ಐದಾ' ಹಾಡಬೇಕಾಗಿದ್ದ ಇಟಲಿಯ ಗಾಯಕಿ ಆಂತೋನಿಯೆತ್ತಾ ಸ್ತೆಲ್ಲಾ ಅಪೆಂಡಿಸೈಟಿಸ್‌ನಿಂದ ಅಸ್ವಸ್ಥರಾದರು. ಅವರ ಸ್ಥಾನದಲ್ಲಿ ಪ್ರೈಸ್ ರಂಗದ ಮೇಲೆ ಮೊದಲ ಬಾರಿಗೆ ಐದಾ ಆದರು.

1871ರಲ್ಲಿ ಕೈರೋದಲ್ಲಿ ಮೊದಲ ಪ್ರಯೋಗ ಕಂಡ ಈ ಒಪೆರಾದ ನಾಯಕಿ ಐದಾ, ಈಜಿಪ್ಟಿನಲ್ಲಿ ದಾಸಿಯಾಗಿರುವ ಇಥಿಯೋಪಿಯಾದ ರಾಜಕುಮಾರಿ. ಶತ್ರುಸೇನೆಯ ನಾಯಕನ ಮೇಲಿನ ಪ್ರೇಮ ಒಂದೆಡೆ, ತಂದೆ ಮತ್ತು ತಾಯ್ನಾಡು ಇನ್ನೊಂದೆಡೆ. ಇವುಗಳ ನಡುವಿನ ತೊಳಲಾಟವೇ ಆ ಪಾತ್ರದ ಜೀವಾಳ. ಈ ಪಾತ್ರವನ್ನು ಹಾಡುವಾಗ ತಮ್ಮ ಮೈಬಣ್ಣವೇ ವೇಷವಾಗುತ್ತಿತ್ತೆಂದೂ ಬೇರಾವ ಪಾತ್ರದಲ್ಲಿಯೂ ಕಾಣದ ಆತ್ಮೀಯತೆ ಇದರಲ್ಲಿತ್ತೆಂದೂ ಪ್ರೈಸ್ ಹೇಳಿಕೊಂಡಿದ್ದಾರೆ.

ಆಸ್ಟ್ರಿಯಾದ ಖ್ಯಾತ ವಾದ್ಯವೃಂದ ನಿರ್ದೇಶಕ ಹರ್ಬರ್ಟ್ ಫಾನ್ ಕಾರಾಯಾನ್ 1955ರಲ್ಲಿಯೇ ನ್ಯೂಯಾರ್ಕಿನಲ್ಲಿ ಪ್ರೈಸ್ ಅವರ ಗಾಯನವನ್ನು ಪರೀಕ್ಷಿಸಿ ಮೆಚ್ಚಿದ್ದರು. ಅವರ ಆಹ್ವಾನದ ಮೇರೆಗೆ 1958ರ ಮೇ ತಿಂಗಳಲ್ಲಿ ವಿಯೆನ್ನಾದ ಸರ್ಕಾರಿ ಒಪೆರಾದಲ್ಲಿ 'ಐದಾ' ಹಾಡಿದರು. ಅದೇ ವರ್ಷದ ಜುಲೈಯಲ್ಲಿ ಲಂಡನ್ನಿನ ಕಾವೆಂಟ್ ಗಾರ್ಡನ್‌ನಲ್ಲಿ, ಅಸ್ವಸ್ಥರಾಗಿದ್ದ ಅನಿತಾ ಚೆರ್ಕ್ವೆತ್ತಿ ಅವರ ಬದಲಿಗೆ, ಮತ್ತೆ ಐದಾ ಆದರು. 1960ರ ಮೇ 21ರಂದು ಮಿಲಾನ್ ನಗರದ ಲಾ ಸ್ಕಾಲಾದಲ್ಲಿ ಅದೇ ಪಾತ್ರ ವಹಿಸಿದರು. ವೆರ್ಡಿಯ ಸ್ವಂತ ನೆಲದಲ್ಲಿ, ಇಟಲಿಯ ಕಟ್ಟುನಿಟ್ಟಿನ ರಸಿಕರೆದುರು ದೊರೆತ ಈ ಯಶಸ್ಸು ಅವರನ್ನು ಆ ಕಾಲದ ಅಗ್ರ ಸೊಪ್ರಾನೊಗಳ ಸಾಲಿಗೆ ಸೇರಿಸಿತು.

ಮೆಟ್ರೊಪಾಲಿಟನ್ ಒಪೆರಾ ಪ್ರವೇಶ

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ 1883ರಲ್ಲಿ ಆರಂಭವಾಯಿತು. ಆದರೆ ಅದರ ರಂಗದ ಮೇಲೆ ಕಪ್ಪು ಜನಾಂಗದ ಗಾಯಕರೊಬ್ಬರು ಪಾತ್ರ ವಹಿಸಿ ಹಾಡಲು 1955ರ ಜನವರಿ 7ರವರೆಗೆ ಕಾಯಬೇಕಾಯಿತು. ಅಂದು ಹಾಡಿದವರು ಮಾರಿಯನ್ ಆಂಡರ್ಸನ್. ಆಗ ಅವರಿಗೆ ವಯಸ್ಸು 57 ಆಗಿತ್ತು. ಕಂಠದ ಉತ್ತಮ ದಿನಗಳು ಕಳೆದಿದ್ದವು. ಅದೇ ತಿಂಗಳಲ್ಲಿ ರಾಬರ್ಟ್ ಮ್ಯಾಕ್‌ಫೆರಿನ್, ಆ ಬಳಿಕ ಮ್ಯಾಟಿವಿಲ್ಡಾ ಡಾಬ್ಸ್ ಮತ್ತು ಗ್ಲೋರಿಯಾ ಡೇವಿ ಅಲ್ಲಿ ಹಾಡಿದರು. ಮೆಟ್ರೊಪಾಲಿಟನ್‌ನಲ್ಲಿ ಹಾಡಿದ ಮೊದಲ ಕಪ್ಪು ಗಾಯಕಿ ಪ್ರೈಸ್ ಎಂಬ ಮಾತು ಕೆಲವೆಡೆ ಪ್ರಚಲಿತವಾಗಿದ್ದರೂ ಅದು ಸರಿಯಲ್ಲ.

1958ರಲ್ಲಿ ಸಂಸ್ಥೆಯ ಮುಖ್ಯಸ್ಥ ರುಡಾಲ್ಫ್ ಬಿಂಗ್, 'ಐದಾ'ದ ಒಂದೆರಡು ಪ್ರಯೋಗಗಳಲ್ಲಿ ಹಾಡುವಂತೆ ಪ್ರೈಸ್ ಅವರನ್ನು ಕರೆದರು. ಅಮೆರಿಕದ ಯಾವ ತರುಣ ಗಾಯಕಿಯೂ ಬಿಡಲಾರದ ಅವಕಾಶ ಅದು. ಆದರೆ ಪ್ರೈಸ್ ಒಪ್ಪಲಿಲ್ಲ. ಮೆಟ್ರೊಪಾಲಿಟನ್‌ಗೆ ಕಾಲಿಡುವುದಾದರೆ ದಾಸಿಯ ಪಾತ್ರದಿಂದಲ್ಲ, ಕುಲೀನ ಸ್ತ್ರೀಯಾಗಿ ಕಾಲಿಡಬೇಕು ಎಂದು ಪೀಟರ್ ಹರ್ಮನ್ ಆ್ಯಡ್ಲರ್ ಸಲಹೆ ನೀಡಿದ್ದರು. ಇನ್ನಷ್ಟು ಪಾತ್ರಗಳನ್ನು ಸಿದ್ಧಪಡಿಸಿಕೊಂಡು ಹೋಗುವುದು ಲೇಸೆಂಬ ವಿವೇಚನೆಯೂ ಇದರ ಹಿಂದಿತ್ತು. ವಿಯೆನ್ನಾ, ಲಂಡನ್ ಮತ್ತು ಮಿಲಾನ್‌ಗಳಲ್ಲಿ ತಾವು ಸಂತೋಷದಿಂದ ಹಾಡುತ್ತಿದ್ದ ಪಾತ್ರವನ್ನೇ ತಮ್ಮ ದೇಶದಲ್ಲಿ ಮೊದಲ ಹೆಜ್ಜೆಯಾಗಿ ಅವರು ನಿರಾಕರಿಸಿದರು. ಪಾತ್ರದಲ್ಲಿ ದೋಷವಿರಲಿಲ್ಲ, ಕಪ್ಪು ಗಾಯಕಿಯನ್ನು ಆ ಒಂದು ಪಾತ್ರದಲ್ಲಿ ಮಾತ್ರ ಕಾಣುವ ದೃಷ್ಟಿಯಲ್ಲಿ ದೋಷವಿತ್ತು.

ಮುಂದೆ ಇಟಲಿಯ ವೆರೋನಾ ನಗರದ ಬಯಲು ರಂಗಮಂದಿರದಲ್ಲಿ ತೆನರ್ ಕಂಠದ ಗಾಯಕ ಫ್ರಾಂಕೊ ಕೊರೆಲ್ಲಿ ಅವರೊಂದಿಗೆ ಪ್ರೈಸ್ ವೆರ್ಡಿಯ 'ಇಲ್ ತ್ರೊವಾತೊರೆ' ಹಾಡಿದ್ದನ್ನು ಬಿಂಗ್ ಕೇಳಿದರು. ಈ ಬಾರಿ ಒಂದೇ ಪಾತ್ರದ ಬದಲು ಹಲವು ಪಾತ್ರಗಳ ಆಹ್ವಾನ ಬಂದಿತು.

1961ರ ಜನವರಿ 27ರಂದು 'ಇಲ್ ತ್ರೊವಾತೊರೆ'ಯ ನಾಯಕಿ ಲಿಯೊನೋರಾಳ ಪಾತ್ರದಲ್ಲಿ ಪ್ರೈಸ್ ಮೆಟ್ರೊಪಾಲಿಟನ್ ಪ್ರವೇಶಿಸಿದರು. ಲಿಯೊನೋರಾ ಸ್ಪೇನಿನ ರಾಜಮನೆತನದ ಪರಿವಾರಕ್ಕೆ ಸೇರಿದ ಕುಲೀನ ತರುಣಿ. ಕೊರೆಲ್ಲಿಯವರಿಗೂ ಅಲ್ಲಿ ಅದು ಮೊದಲ ರಾತ್ರಿ. ಪ್ರೈಸ್ ಅವರ ತಂದೆತಾಯಿಗಳು ಲಾರೆಲ್ಲಿನಿಂದ ಬಂದು ಸಭಾಂಗಣದಲ್ಲಿ ಕುಳಿತಿದ್ದರು. ಒಪೆರಾ ಮುಗಿದ ಬಳಿಕ ಕರತಾಡನ ಅರ್ಧ ಗಂಟೆಗೂ ಮೀರಿ ನಡೆಯಿತು. ಅದು 42 ನಿಮಿಷಗಳೆಂಬ ಲೆಕ್ಕ ಪ್ರಸಿದ್ಧವಾಗಿದೆ. ಆ ಮಂದಿರದ ಇತಿಹಾಸದಲ್ಲಿ ಅತಿ ದೀರ್ಘವಾದ ಅಭಿನಂದನೆಗಳಲ್ಲಿ ಇದೂ ಒಂದು.

ಮುಂದಿನ ವಾರಗಳಲ್ಲಿ ಐದಾ, 'ಮದಾಮ ಬಟರ್‌ಫ್ಲೈ'ಯ ಚಿಯೊ-ಚಿಯೊ-ಸಾನ್, 'ಡಾನ್ ಜೊವಾನ್ನಿ'ಯ ಡೊನ್ನಾ ಆನ್ನಾ, 'ತುರಾಂದೊತ್'ನ ಲಿಯು ಪಾತ್ರಗಳನ್ನು ಹಾಡಿದರು. ಇಥಿಯೋಪಿಯಾ, ಜಪಾನ್, ಸ್ಪೇನ್, ಚೀನಾ ಎಂದು ನಾನಾ ದೇಶಗಳ ಸ್ತ್ರೀಯರಾಗಿ ಒಂದೇ ಋತುವಿನಲ್ಲಿ ಕಾಣಿಸಿಕೊಂಡದ್ದರಿಂದ, ಕಪ್ಪು ಗಾಯಕಿ ಇಂತಹ ಪಾತ್ರಕ್ಕೆ ಮಾತ್ರ ಸಲ್ಲುವಳು ಎಂಬ ವಾದಕ್ಕೆ ಆಧಾರವೇ ಉಳಿಯಲಿಲ್ಲ. ಆ ವರ್ಷದ ಮಾರ್ಚ್‌ನಲ್ಲಿ 'ಟೈಮ್' ನಿಯತಕಾಲಿಕೆಯ ಮುಖಪುಟದಲ್ಲಿ ಅವರ ಚಿತ್ರ ಪ್ರಕಟವಾಯಿತು.

1961ರ ಹೊಸ ಋತು ಮತ್ತು ಒಂದು ಹಿನ್ನಡೆ

ಮೆಟ್ರೊಪಾಲಿಟನ್‌ನ ವಾರ್ಷಿಕ ಋತುವಿನ ಮೊದಲ ರಾತ್ರಿ ನಾಯಕಿಯಾಗಿ ಹಾಡುವುದು ವಿಶೇಷ ಗೌರವ. 1961ರ ಅಕ್ಟೋಬರ್‌ನಲ್ಲಿ ಈ ಗೌರವ ಪಡೆದ ಮೊದಲ ಆಫ್ರಿಕನ್-ಅಮೆರಿಕನ್ ಗಾಯಕಿ ಪ್ರೈಸ್. ವಾದ್ಯಗಾರರ ವೇತನದ ವಿವಾದದಿಂದ ಆ ಋತುವೇ ರದ್ದಾಗುವ ಸ್ಥಿತಿಯಿತ್ತು. ಅಧ್ಯಕ್ಷ ಕೆನಡಿಯವರ ಸೂಚನೆಯಂತೆ ಕಾರ್ಮಿಕ ಸಚಿವ ಆರ್ಥರ್ ಗೋಲ್ಡ್‌ಬರ್ಗ್ ಮಧ್ಯಸ್ಥಿಕೆ ವಹಿಸಿದ್ದರಿಂದ ಅದು ನಡೆಯಿತು. ಆರಂಭದ ಒಪೆರಾ ಪುಚ್ಚೀನಿಯ 'ಲಾ ಫಾಂಚುಲ್ಲಾ ದೆಲ್ ವೆಸ್ಟ್'. ಕ್ಯಾಲಿಫೋರ್ನಿಯಾದ ಚಿನ್ನದ ಗಣಿಗಾರರ ನಡುವೆ ಬದುಕುವ ಮಿನ್ನಿ ಎಂಬ ದಿಟ್ಟ ಹೆಣ್ಣಿನ ಪಾತ್ರ ಅವರದು.

ಮೊದಲ ರಾತ್ರಿ ಯಶಸ್ವಿಯಾಯಿತು. ಆದರೆ ಬಿಡುವಿಲ್ಲದ ದುಡಿಮೆಯಿಂದ ದಣಿದು, ಸೋಂಕಿಗೂ ಒಳಗಾಗಿದ್ದ ಪ್ರೈಸ್ ಅವರ ಕಂಠ ಬಳಿಕದ ಪ್ರಯೋಗವೊಂದರ ಎರಡನೆಯ ಅಂಕದಲ್ಲಿ ಸಂಪೂರ್ಣ ಕೈಕೊಟ್ಟಿತು. ಅಂಕದ ಉಳಿದ ಭಾಗವನ್ನು ಮಾತಿನಲ್ಲಿಯೇ ನಿರ್ವಹಿಸಿದರು. ಮೂರನೆಯ ಅಂಕವನ್ನು ಡೊರೊಥಿ ಕಿರ್ಸ್ಟನ್ ಹಾಡಿದರು. ಮಿನ್ನಿಯ ಪಾತ್ರ ಅವರ ಕಂಠಕ್ಕೆ ಭಾರವಾದುದೆಂಬ ಅಭಿಪ್ರಾಯವಿತ್ತು. ಕೆಲಕಾಲ ವಿಶ್ರಾಂತಿ ಪಡೆದು ಅವರು ರಂಗಕ್ಕೆ ಮರಳಿದರು. ಕಿಂಬಲ್ ಹೇಳಿಕೊಟ್ಟ ಮೂಲಧನದ ಪಾಠದ ಬೆಲೆ ತಿಳಿದದ್ದು ಈ ಘಟನೆಯಿಂದ. ಅಂದಿನಿಂದ ಪಾತ್ರಗಳ ಆಯ್ಕೆಯಲ್ಲಿ ಹೆಚ್ಚಿನ ಎಚ್ಚರ ವಹಿಸಿದರು.

1964ರ ಹೊತ್ತಿಗೆ ಮೆಟ್ರೊಪಾಲಿಟನ್‌ನಲ್ಲಿ ಅವರ ಸಂಭಾವನೆ ಪ್ರತಿ ಪ್ರಯೋಗಕ್ಕೆ 2,750 ಡಾಲರ್ ಆಗಿತ್ತು. ಇದು ಜೋನ್ ಸದರ್ಲೆಂಡ್, ಮರಿಯಾ ಕಲ್ಲಾಸ್ ಮತ್ತು ರೆನಾತಾ ತೆಬಾಲ್ದಿ ಅವರಿಗೆ ಸಲ್ಲುತ್ತಿದ್ದ ಮೊತ್ತಕ್ಕೆ ಸಮ. ಅದೇ ವರ್ಷ ಸಂಸ್ಥೆಯ ಪ್ರವಾಸದಲ್ಲಿ ಅಟ್ಲಾಂಟಾ ನಗರದಲ್ಲಿ ಡೊನ್ನಾ ಆನ್ನಾ ಪಾತ್ರ ಹಾಡಿದರು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮೆಟ್ರೊಪಾಲಿಟನ್ ತಂಡದೊಂದಿಗೆ ಪ್ರಧಾನ ಪಾತ್ರ ವಹಿಸಿದ ಮೊದಲ ಕಪ್ಪು ಗಾಯಕಿಯಾದರು.

'ಆ್ಯಂಟನಿ ಅಂಡ್ ಕ್ಲಿಯೋಪಾತ್ರ'

1966ರಲ್ಲಿ ಮೆಟ್ರೊಪಾಲಿಟನ್ ಒಪೆರಾ ತನ್ನ ಹಳೆಯ ಕಟ್ಟಡವನ್ನು ಬಿಟ್ಟು ಲಿಂಕನ್ ಸೆಂಟರಿನ ನೂತನ ಮಂದಿರಕ್ಕೆ ಬಂದಿತು. ಸೆಪ್ಟೆಂಬರ್ 16ರ ಉದ್ಘಾಟನೆಗಾಗಿ ಶೇಕ್ಸ್‌ಪಿಯರ್ ನಾಟಕವನ್ನು ಆಧರಿಸಿದ ಹೊಸ ಒಪೆರಾವನ್ನು ರಚಿಸುವ ಹೊಣೆ ಸ್ಯಾಮ್ಯುಯೆಲ್ ಬಾರ್ಬರ್ ಅವರಿಗೆ ಬಂದಿತು. ಬಾರ್ಬರ್ ಕ್ಲಿಯೋಪಾತ್ರಳ ಭಾಗವನ್ನು ಪ್ರೈಸ್ ಅವರ ಕಂಠವನ್ನು ಮನದಲ್ಲಿಟ್ಟುಕೊಂಡೇ ರಚಿಸಿದರು. ಆ್ಯಂಟನಿಯ ಪಾತ್ರದಲ್ಲಿ ಹುಸ್ತಿನೊ ಡಿಯಾಜ್ ಇದ್ದರು. ವಾದ್ಯವೃಂದವನ್ನು ಥಾಮಸ್ ಶಿಪ್ಪರ್ಸ್ ನಡೆಸಿದರು.

ನಿರ್ದೇಶಕ ಫ್ರಾಂಕೊ ಜೆಫಿರೆಲ್ಲಿ ರಂಗಸಜ್ಜಿಕೆಯನ್ನು ಅತಿ ವೈಭವದಿಂದ ರೂಪಿಸಿದ್ದರು. ಹೊಸ ಮಂದಿರದ ಯಂತ್ರಗಳು ಇನ್ನೂ ಹದಕ್ಕೆ ಬಂದಿರಲಿಲ್ಲ. ತಿರುಗುವ ವೇದಿಕೆ ಕೆಟ್ಟುನಿಂತಿತು. ಪೂರ್ವಾಭ್ಯಾಸದಲ್ಲಿ ಪ್ರೈಸ್ ರಂಗದ ಪಿರಮಿಡ್ಡಿನೊಳಗೆ ಕೆಲಹೊತ್ತು ಸಿಲುಕಿಕೊಂಡರು. ಭಾರವಾದ ಉಡುಪುಗಳೂ ಜನಜಂಗುಳಿಯೂ ಸಂಗೀತವನ್ನು ಮುಚ್ಚಿದವೆಂದು ವಿಮರ್ಶಕರು ಬರೆದರು. ಪ್ರೈಸ್ ಅವರ ಗಾಯನಕ್ಕೆ ಪ್ರಶಂಸೆ ದೊರೆತರೂ ಒಪೆರಾ ಸೋತಿತು. ಬಾರ್ಬರ್ ಅದನ್ನು ಪರಿಷ್ಕರಿಸಿದರು. ಹೊಸ ರೂಪ 1975ರಲ್ಲಿ ಜೂಲಿಯರ್ಡ್‌ನಲ್ಲಿ ಪ್ರಯೋಗಗೊಂಡಿತು. ಕ್ಲಿಯೋಪಾತ್ರಳ ಎರಡು ದೃಶ್ಯಗಳನ್ನು ಪ್ರೈಸ್ ಕಚೇರಿಗಳಲ್ಲಿ ಹಾಡಿ, ಧ್ವನಿಮುದ್ರಿಸಿ ಉಳಿಸಿಕೊಂಡರು.

ನಂತರದ ವರ್ಷಗಳು ಮತ್ತು ವಿದಾಯ

1960ರ ದಶಕದ ಕೊನೆಯಿಂದ ಪ್ರೈಸ್ ಒಪೆರಾ ಪ್ರಯೋಗಗಳನ್ನು ಕಡಿಮೆ ಮಾಡಿ ಏಕವ್ಯಕ್ತಿ ಕಚೇರಿಗಳಿಗೆ ಹೆಚ್ಚು ಸಮಯ ಕೊಟ್ಟರು. ಅವರ ಕಚೇರಿಗೆ ಒಂದು ನಿಶ್ಚಿತ ಕ್ರಮವಿತ್ತು. ಹ್ಯಾಂಡೆಲ್ ಅಥವಾ ಮೊಜಾರ್ಟ್‌ನ ಗಾನದಿಂದ ಆರಂಭಿಸಿ, ಜರ್ಮನ್ ಮತ್ತು ಫ್ರೆಂಚ್ ಗೀತೆಗಳನ್ನು ಹಾಡಿ, ಅಮೆರಿಕದ ಸಮಕಾಲೀನ ಸಂಯೋಜಕರ ರಚನೆಗಳಿಗೆ ಬಂದು, ಸ್ಪಿರಿಚುಯಲ್‌ಗಳಿಂದ ಮುಗಿಸುತ್ತಿದ್ದರು.

ಹೊಸ ಪಾತ್ರಗಳನ್ನು ಮಿತವಾಗಿ ಸೇರಿಸಿಕೊಂಡರು. ಪುಚ್ಚೀನಿಯ 'ಇಲ್ ತಬಾರೊ' ಮತ್ತು 'ಮಾನೊನ್ ಲೆಸ್ಕೊ', 1977ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹಾಡಿದ ಸ್ಟ್ರೌಸ್‌ನ 'ಅರಿಯಾಡ್ನೆ' ಇವುಗಳಲ್ಲಿ ಮುಖ್ಯವಾದವು. 1978ರಲ್ಲಿ ಅಧ್ಯಕ್ಷ ಕಾರ್ಟರ್ ಅವರ ಆಹ್ವಾನದಂತೆ ಶ್ವೇತಭವನದಲ್ಲಿ ನಡೆಸಿಕೊಟ್ಟ ಕಚೇರಿ ದೇಶದಾದ್ಯಂತ ಪ್ರಸಾರವಾಯಿತು.

1985ರ ಜನವರಿ 3ರಂದು ಮೆಟ್ರೊಪಾಲಿಟನ್‌ನಲ್ಲಿ 'ಐದಾ' ಹಾಡಿ ಪ್ರೈಸ್ ಒಪೆರಾ ರಂಗಕ್ಕೆ ವಿದಾಯ ಹೇಳಿದರು. ಆಗ ಅವರಿಗೆ 57 ವರ್ಷ. ಪ್ರಯೋಗ ದೂರದರ್ಶನದಲ್ಲಿ ನೇರ ಪ್ರಸಾರವಾಯಿತು. ಮೂರನೆಯ ಅಂಕದಲ್ಲಿ, ಮರಳಿ ಕಾಣಲಾರದ ತಾಯ್ನಾಡನ್ನು ನೆನೆದು ಐದಾ ಹಾಡುವ ಏಕಗಾನ ಮುಗಿದಾಗ ಸಭಿಕರು ಹಲವು ನಿಮಿಷಗಳ ಕಾಲ ಚಪ್ಪಾಳೆ ತಟ್ಟಿದರು. ಪಾತ್ರದ ಭಾವ ಬಿಡದೆ ನಿಂತಿದ್ದ ಪ್ರೈಸ್ ಅವರ ಮುಖದಲ್ಲಿ ಭಾವೋದ್ವೇಗ ಕಾಣುವ ಆ ದೃಶ್ಯ ಧ್ವನಿ-ಚಿತ್ರ ಮುದ್ರಣದಲ್ಲಿ ಉಳಿದಿದೆ. ಮೆಟ್ರೊಪಾಲಿಟನ್‌ಗೆ ಪ್ರವೇಶಿಸಲು ಯಾವ ಪಾತ್ರ ಬೇಡವೆಂದಿದ್ದರೋ ಅದೇ ಪಾತ್ರವನ್ನು ಅಲ್ಲಿಂದ ಹೊರಡಲು ಅವರು ಆರಿಸಿಕೊಂಡರು. ಆ ಸಂಸ್ಥೆಯಲ್ಲಿ ಅವರು ಹಾಡಿದ ಪ್ರಯೋಗಗಳು ಸುಮಾರು 200.

ಕಂಠ ಮತ್ತು ಗಾಯನಶೈಲಿ

ಪ್ರೈಸ್ ಅವರ ಕಂಠ 'ಲಿರಿಕೊ-ಸ್ಪಿಂಟೊ' ವರ್ಗದ್ದು. ಭಾವಗೀತೆಗೆ ಒಪ್ಪುವ ಮೃದುತ್ವದ ಜೊತೆಗೆ, ನಾಟಕೀಯ ಸನ್ನಿವೇಶದಲ್ಲಿ ಪೂರ್ಣ ವಾದ್ಯವೃಂದವನ್ನು ಮೀರಿ ಕೇಳಿಸಬಲ್ಲ ಕಸುವೂ ಇಂತಹ ಕಂಠಕ್ಕಿರಬೇಕು. ಒಪೆರಾದಲ್ಲಿ ಧ್ವನಿವರ್ಧಕ ಬಳಸುವ ಪದ್ಧತಿಯಿಲ್ಲ. ಸಾವಿರಾರು ಜನ ಕುಳಿತ ಮಂದಿರದ ಕೊನೆಯ ಸಾಲಿಗೂ ಕಂಠ ತಾನಾಗಿಯೇ ತಲುಪಬೇಕು.

ಅವರ ತಾರಸ್ಥಾಯಿ ವಿಶೇಷವಾಗಿ ಪ್ರಸಿದ್ಧ. ಮೇಲೇರಿದಂತೆ ಧ್ವನಿ ತೀಕ್ಷ್ಣವಾಗದೆ ಇನ್ನಷ್ಟು ತುಂಬಿಕೊಂಡು, ಮಿನುಗುತ್ತ ಹರಡುತ್ತಿತ್ತು. ಎತ್ತರದ ಸ್ವರವನ್ನು ಹಿಡಿದು ಕ್ರಮೇಣ ಅದನ್ನು ಅತಿ ಮೆಲುವಾಗಿಸುವುದರಲ್ಲಿ ಅವರು ನಿಪುಣರು. ಮಂದ್ರಸ್ಥಾಯಿಯಲ್ಲಿ ತುಸು ಮಬ್ಬಾದ, ಹೊಗೆಯಾಡಿದಂತಹ ಛಾಯೆಯಿತ್ತು. ಕೆಲವರು ಇದನ್ನು ಆಕರ್ಷಣೆಯೆಂದರೆ ಕೆಲವರು ಕುಂದೆಂದರು. ವಯಸ್ಸಾದಂತೆ ಅದು ಹೆಚ್ಚಾಯಿತು. ಅಭಿನಯದಲ್ಲಿ ಕಲ್ಲಾಸ್ ಅವರ ತೀವ್ರತೆ ಇರಲಿಲ್ಲವೆಂದೂ ಕೆಳಗಿನಿಂದ ಸ್ವರಕ್ಕೆ ಜಾರಿ ಏರುವ ಅಭ್ಯಾಸ ಅತಿಯಾಗುತ್ತಿತ್ತೆಂದೂ ವಿಮರ್ಶಕರು ಟೀಕಿಸಿದ್ದುಂಟು. ಕಂಠದ ಸೌಂದರ್ಯದ ವಿಷಯದಲ್ಲಿ ಮಾತ್ರ ಭಿನ್ನಾಭಿಪ್ರಾಯ ವಿರಳ.

ಪ್ರಮುಖ ಪಾತ್ರಗಳು

• ವೆರ್ಡಿ: ಐದಾ, 'ಇಲ್ ತ್ರೊವಾತೊರೆ' ಮತ್ತು 'ಲಾ ಫೋರ್ಜಾ ದೆಲ್ ದೆಸ್ತೀನೊ'ಗಳಲ್ಲಿ ಲಿಯೊನೋರಾ, 'ಉನ್ ಬಾಲ್ಲೊ ಇನ್ ಮಾಸ್ಕೆರಾ'ದಲ್ಲಿ ಅಮೇಲಿಯಾ, 'ಎರ್ನಾನಿ'ಯಲ್ಲಿ ಎಲ್ವೀರಾ
• ಪುಚ್ಚೀನಿ: ತೋಸ್ಕಾ, ಚಿಯೊ-ಚಿಯೊ-ಸಾನ್, ಲಿಯು, ಮಾನೊನ್ ಲೆಸ್ಕೊ, 'ಇಲ್ ತಬಾರೊ'ದಲ್ಲಿ ಜೊರ್ಜೆತ್ತಾ
• ಮೊಜಾರ್ಟ್: ಡೊನ್ನಾ ಆನ್ನಾ, ಪಮೀನಾ, 'ಕೊಸಿ ಫಾನ್ ತುತ್ತೆ'ಯಲ್ಲಿ ಫಿಯೊರ್ದಿಲೀಜಿ
• ಇತರ: ಗರ್ಶ್ವಿನ್‌ನ ಬೆಸ್, ಪೂಲಾಂಕ್‌ನ ಮದಾಂ ಲಿದ್ವಾನ್, ಬಾರ್ಬರ್‌ನ ಕ್ಲಿಯೋಪಾತ್ರ, ಸ್ಟ್ರೌಸ್‌ನ ಅರಿಯಾಡ್ನೆ

ಧ್ವನಿಮುದ್ರಣಗಳು

ಆರ್‌ಸಿಎ ವಿಕ್ಟರ್ ಸಂಸ್ಥೆಯೊಂದಿಗೆ ಪ್ರೈಸ್ ಅವರ ಸಂಬಂಧ ದೀರ್ಘವಾದುದು. 1960ರ ದಶಕದ ಆರಂಭದಲ್ಲಿ ಜಾರ್ಜ್ ಶೋಲ್ಟಿ ನಿರ್ದೇಶನದಲ್ಲಿ ಮುದ್ರಿತವಾದ 'ಐದಾ', ಕಾರಾಯಾನ್ ನಿರ್ದೇಶನದ 'ತೋಸ್ಕಾ' ಮತ್ತು 'ಕಾರ್ಮೆನ್', ಫ್ರಿಟ್ಜ್ ರೈನರ್ ನಿರ್ದೇಶನದ ವೆರ್ಡಿಯ 'ರೆಕ್ವಿಯೆಮ್' ಇಂದಿಗೂ ಮಾದರಿಯೆನಿಸಿವೆ. ಕಾರ್ಮೆನ್ ಪಾತ್ರವನ್ನು ಅವರು ರಂಗದ ಮೇಲೆ ಹಾಡಲಿಲ್ಲ. ಅದು ಧ್ವನಿಮುದ್ರಿಕೆಯಲ್ಲಿ ಮಾತ್ರ ಲಭ್ಯ. 'ಪ್ರಿಮಾ ಡೊನ್ನಾ' ಎಂಬ ಐದು ಸಂಪುಟಗಳ ಮಾಲೆಯಲ್ಲಿ, ತಾವು ರಂಗದ ಮೇಲೆ ಹಾಡದ ಅನೇಕ ಪಾತ್ರಗಳ ಗಾನಗಳನ್ನು ಸಂಗ್ರಹಿಸಿದರು. 1961ರಲ್ಲಿ ಕಾರಾಯಾನ್ ಅವರೊಂದಿಗೆ ಮುದ್ರಿಸಿದ ಕ್ರಿಸ್‌ಮಸ್ ಗೀತೆಗಳ ಸಂಗ್ರಹ ಬಹಳ ಜನಪ್ರಿಯವಾಯಿತು.

ನಿವೃತ್ತಿಯ ಬಳಿಕ

ಒಪೆರಾದಿಂದ ನಿವೃತ್ತರಾದ ಮೇಲೂ ಪ್ರೈಸ್ ಹನ್ನೆರಡು ವರ್ಷಗಳಿಗೂ ಹೆಚ್ಚು ಕಾಲ ಕಚೇರಿಗಳಲ್ಲಿ ಹಾಡಿದರು. 1997ರ ನವೆಂಬರಿನಲ್ಲಿ ನಾರ್ತ್ ಕ್ಯಾರೊಲಿನಾದ ಚಾಪೆಲ್ ಹಿಲ್‌ನಲ್ಲಿ ಅವರ ಕೊನೆಯ ಕಚೇರಿ ನಡೆಯಿತು. ಜೂಲಿಯರ್ಡ್ ಮುಂತಾದೆಡೆ ತರುಣ ಗಾಯಕರಿಗೆ ಪಾಠ ಹೇಳಿದರು. ಮಕ್ಕಳಿಗಾಗಿ ಐದಾಳ ಕಥೆಯನ್ನು ಬರೆದರು. ಲಿಯೊ ಮತ್ತು ಡಯೇನ್ ಡಿಲ್ಲನ್ ಅವರ ಚಿತ್ರಗಳೊಂದಿಗೆ ಅದು 1990ರಲ್ಲಿ ಪ್ರಕಟವಾಯಿತು. ಎಲ್ಟನ್ ಜಾನ್ ಮತ್ತು ಟಿಮ್ ರೈಸ್ ಅವರ ಬ್ರಾಡ್‌ವೇ ಸಂಗೀತ ನಾಟಕ 'ಐದಾ' (2000) ಈ ಪುಸ್ತಕದಿಂದ ಪ್ರೇರಣೆ ಪಡೆದದ್ದು.

2001ರ ಸೆಪ್ಟೆಂಬರ್ 11ರ ಭಯೋತ್ಪಾದಕ ದಾಳಿಯಲ್ಲಿ ಮಡಿದವರ ಸ್ಮರಣಾರ್ಥ ಅದೇ ತಿಂಗಳ 30ರಂದು ಕಾರ್ನೆಗಿ ಹಾಲ್‌ನಲ್ಲಿ ನಡೆದ ಸಮಾರಂಭಕ್ಕಾಗಿ ನಿವೃತ್ತಿಯಿಂದ ಹೊರಬಂದು, 74ನೆಯ ವಯಸ್ಸಿನಲ್ಲಿ ಹಾಡಿದರು. ಮೆಟ್ರೊಪಾಲಿಟನ್‌ನ ಹೊಸ ಮಂದಿರದ ನಿರ್ಮಾಣವನ್ನು ಕುರಿತ 'ದಿ ಒಪೆರಾ ಹೌಸ್' (2017) ಸಾಕ್ಷ್ಯಚಿತ್ರದಲ್ಲಿ 1966ರ ಉದ್ಘಾಟನೆಯ ನೆನಪುಗಳನ್ನು ಹಂಚಿಕೊಂಡಿದ್ದಾರೆ.

ಪ್ರಭಾವ

ಮಾರಿಯನ್ ಆಂಡರ್ಸನ್ ಬಾಗಿಲನ್ನು ತೆರೆದರು. ಆ ಬಾಗಿಲಿನಿಂದ ಒಳಬಂದು ಮನೆಯ ಒಡತಿಯಂತೆ ನಿಂತವರು ಪ್ರೈಸ್ ಎಂದು ಹೇಳಬಹುದು. ಒಂದೆರಡು ಪ್ರಯೋಗಗಳ ಅತಿಥಿಯಾಗಿ ಉಳಿಯದೆ, ಕಾಲು ಶತಮಾನದ ಕಾಲ ಸಂಸ್ಥೆಯ ಮುಖ್ಯ ಪಾತ್ರಗಳನ್ನು ನಿರ್ವಹಿಸಿದ್ದು ಅವರ ಸಾಧನೆ. ಶೆರ್ಲಿ ವೆರೆಟ್, ಗ್ರೇಸ್ ಬಂಬ್ರಿ, ಮಾರ್ಟಿನಾ ಅರೋಯೊ, ಜೆಸ್ಸಿ ನಾರ್ಮನ್, ಕ್ಯಾಥ್ಲೀನ್ ಬ್ಯಾಟಲ್ ಮೊದಲಾದ ಕಪ್ಪು ಗಾಯಕಿಯರು ಪ್ರಪಂಚದ ಒಪೆರಾ ಮಂದಿರಗಳಲ್ಲಿ ಹಾಡಿದಾಗ ಅವರನ್ನು ಅಪವಾದವೆಂದು ಕಾಣುವ ಕಾಲ ಹಿಂದೆ ಸರಿಯುತ್ತಿತ್ತು.

ಪ್ರಶಸ್ತಿ ಮತ್ತು ಗೌರವಗಳು

• ಅಧ್ಯಕ್ಷೀಯ ಸ್ವಾತಂತ್ರ್ಯ ಪದಕ (1964)
• ಸ್ಪಿಂಗಾರ್ನ್ ಪದಕ (1965)
• ಕೆನಡಿ ಸೆಂಟರ್ ಗೌರವ (1980)
• ರಾಷ್ಟ್ರೀಯ ಕಲಾ ಪದಕ (1985)
• ಗ್ರ್ಯಾಮಿ ಜೀವಮಾನ ಸಾಧನೆ ಪ್ರಶಸ್ತಿ (1989)
• ಅಮೆರಿಕದ ರಾಷ್ಟ್ರೀಯ ಕಲಾ ದತ್ತಿಯ ಒಪೆರಾ ಗೌರವ (2008)
• ಗಾಯನ ಮತ್ತು ಒಪೆರಾ ಧ್ವನಿಮುದ್ರಣಗಳಿಗಾಗಿ 13 ಗ್ರ್ಯಾಮಿ ಪ್ರಶಸ್ತಿಗಳು